ಜೇನುಗೂಡು ಮಾನೊಲಿತ್ ರಿಯಾಕ್ಟರ್‌ನ ಉಷ್ಣ ಮಾದರಿ: ಯಾವ ನಸೆಲ್ಟ್ ಸಂಖ್ಯೆ, ಎಷ್ಟು ವಹನ, ಒಂದೇ ನಾಳ ಸಾಕೇ?

ಅಕ್ಷರೇಖೆ:

ಎಂಜಿನ್ ಹೊಗೆಯನ್ನು ಶುದ್ಧಗೊಳಿಸುವ ಜೇನುಗೂಡು ಮಾನೊಲಿತ್ (ಸಮಾನಾಂತರ ಕಿರುನಾಳಗಳಿರುವ ಒಂದೇ ತುಂಡು) ಒಂದಕ್ಕೆ ಏಕ ಆಯಾಮದ ಉಷ್ಣ ಮಾದರಿಯನ್ನು ಸಿದ್ಧಪಡಿಸುತ್ತಿದ್ದೇನೆ. ಚದರ ಇಂಚಿಗೆ 400 ನಾಳಗಳಿರುವ ಕಾರ್ಡಿಯೆರೈಟ್ (ಒಂದು ಬಗೆಯ ಸೆರಾಮಿಕ್) ತುಂಡು. ಗೋಡೆಯ ದಪ್ಪ 0.165 ಮಿಲಿಮೀಟರ್, ಉದ್ದ 150 ಮಿಲಿಮೀಟರ್. ಅನಿಲಕ್ಕೊಂದು, ಗೋಡೆಗೊಂದು ಎಂದು ಎರಡು ಶಕ್ತಿ ಸಮೀಕರಣಗಳಿವೆ. ಅವೆರಡನ್ನೂ ಜೋಡಿಸುವುದು ನಸೆಲ್ಟ್ ಸಂಖ್ಯೆಯಿಂದ (ಬರಿಯ ವಹನಕ್ಕೆ ಹೋಲಿಸಿದರೆ ಹರಿವು ಗೋಡೆಗೆ ಎಷ್ಟು ಪಟ್ಟು ಉಷ್ಣ ಸಾಗಿಸುತ್ತದೆ ಎಂಬ ಅನುಪಾತ) ಬರುವ ಉಷ್ಣ ವರ್ಗಾವಣೆ ಗುಣಾಂಕ.

ಚೌಕ ನಾಳದಲ್ಲಿ ಪೂರ್ಣವಾಗಿ ರೂಪುಗೊಂಡ ಸ್ತರೀಯ ಹರಿವಿಗೆ ಈ ಸಂಖ್ಯೆ ಗೋಡೆಯ ತಾಪಮಾನ ಸ್ಥಿರವಾಗಿದ್ದರೆ 2.976. ನಾಳದುದ್ದಕ್ಕೂ ಉಷ್ಣಪ್ರವಾಹ ಸ್ಥಿರವಾಗಿದ್ದರೆ 3.608. ಆ ಪ್ರವಾಹ ಸುತ್ತಳತೆಯಲ್ಲಿಯೂ ಸಮವಾಗಿ ಹಂಚಿಹೋಗಿದ್ದರೆ 3.091. ಮೂರನ್ನೂ ಹಾಕಿ ನೋಡಿದರೆ ಹೊರಬರುವ ಅನಿಲದ ತಾಪಮಾನ ರೇಖೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುತ್ತಿಲ್ಲ. ಆದರೆ ತಣ್ಣನೆಯ ಆರಂಭದಲ್ಲಿ ನನ್ನ ರೇಖೆಗೂ ಅಳತೆಯ ರೇಖೆಗೂ ಹೊಂದಿಕೆಯಿಲ್ಲ: ಅಳತೆಯ ರೇಖೆ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಹೊತ್ತು ನಿಂತು ಆಮೇಲೆ ಏರುತ್ತದೆ, ನನ್ನದು ಎಲ್ಲಿಯೂ ನಿಲ್ಲದೆ ಏರುತ್ತದೆ.

ಯಾವ ಸಂಖ್ಯೆಯನ್ನು ಬಳಸುವುದು ಸರಿ? ಗೋಡೆಯೊಳಗಿನ ಅಕ್ಷೀಯ ವಹನವನ್ನು ಇಟ್ಟುಕೊಳ್ಳಬೇಕೇ? ಇಡೀ ತುಂಡಿಗೆ ಒಂದೇ ನಾಳವನ್ನು ಪ್ರತಿನಿಧಿಯಾಗಿ ತೆಗೆದುಕೊಳ್ಳುವುದು ಯಾವಾಗ ತಪ್ಪಾಗುತ್ತದೆ? ತಿಳಿದವರು ವಿವರಿಸಬೇಕೆಂದು ವಿನಂತಿ.

ಶಾಂತಪ್ರವಾಹ:

ಸಂಖ್ಯೆ ಬದಲಿಸಿದರೂ ರೇಖೆ ಏಕೆ ಕದಲುತ್ತಿಲ್ಲ ಎಂಬುದನ್ನು ಮೊದಲು ನೋಡೋಣ. ಉಳಿದ ಪ್ರಶ್ನೆಗಳಿಗೆ ದಾರಿ ಅಲ್ಲಿಂದಲೇ ಸಿಗುತ್ತದೆ.

ನಿಮ್ಮ ತುಂಡಿನಲ್ಲಿ ನಾಳದಿಂದ ನಾಳಕ್ಕೆ ಇರುವ ಅಂತರ 1.27 ಮಿಲಿಮೀಟರ್, ನಾಳದ ಒಳ ಅಗಲ ಸುಮಾರು 1.1 ಮಿಲಿಮೀಟರ್, ಮುಖದ ತೆರೆದ ಭಾಗ ಸುಮಾರು ಶೇ 76, ಒಂದು ಘನ ಮೀಟರ್‌ನೊಳಗಿನ ಗೋಡೆಯ ಮೇಲ್ಮೈ ಸುಮಾರು 2,740 ಚದರ ಮೀಟರ್. ಅನಿಲ 600 ಕೆಲ್ವಿನ್‌ನಲ್ಲಿದ್ದು ನಾಳದೊಳಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ರೆನಾಲ್ಡ್ಸ್ ಸಂಖ್ಯೆ ನೂರರ ಸುಮಾರಿಗಿರುತ್ತದೆ, ಅಂದರೆ ಹರಿವು ಪೂರ್ತಿ ಸ್ತರೀಯ. ಗಾಳಿಯ ಗುಣಗಳನ್ನೇ ಹಾಕಿದರೆ ಉಷ್ಣ ವರ್ಗಾವಣೆ ಗುಣಾಂಕ ಚದರ ಮೀಟರ್-ಕೆಲ್ವಿನ್‌ಗೆ 125 ವ್ಯಾಟ್‌ನಷ್ಟು ಬರುತ್ತದೆ. ಇದನ್ನು ಮೇಲ್ಮೈಯಿಂದ ಗುಣಿಸಿ ಅನಿಲ ಹೊತ್ತೊಯ್ಯುವ ಉಷ್ಣದೊಂದಿಗೆ ಹೋಲಿಸಿದರೆ, ಅನಿಲವು ಗೋಡೆಯ ತಾಪಮಾನಕ್ಕೆ ಹೊಂದಿಕೊಳ್ಳಲು ಬೇಕಾದ ಉದ್ದ 7 ಮಿಲಿಮೀಟರ್‌ಗಿಂತ ತುಸು ಕಡಿಮೆ. ನಿಮ್ಮ ತುಂಡು ಅದರ ಇಪ್ಪತ್ತೆರಡು ಪಟ್ಟು ಉದ್ದವಿದೆ. ಹೊರಬಾಗಿಲಿಗೆ ಬರುವಷ್ಟರಲ್ಲಿ ಅನಿಲಕ್ಕೆ ಕೊನೆಯ ಕೆಲವು ಮಿಲಿಮೀಟರ್‌ಗಳ ಗೋಡೆಯ ತಾಪಮಾನವಲ್ಲದೆ ಬೇರೇನೂ ನೆನಪಿರುವುದಿಲ್ಲ. ಅಲ್ಲಿ ಅಳೆದು ನಸೆಲ್ಟ್ ಸಂಖ್ಯೆಯನ್ನು ತೀರ್ಮಾನಿಸುವ ಪ್ರಯತ್ನವೇ ವ್ಯರ್ಥ.

ಇನ್ನು ಕಾಲದ ವಿಷಯ. ಒಂದು ಘನ ಮೀಟರ್ ಮಾನೊಲಿತ್‌ನಲ್ಲಿ ಗೋಡೆಯ ಉಷ್ಣಧಾರಣೆ ಕೆಲ್ವಿನ್‌ಗೆ ಸುಮಾರು 4 ಲಕ್ಷ ಜೂಲ್. ಅದರ ನಾಳಗಳಲ್ಲಿರುವ ಅನಿಲದ್ದು 500 ಜೂಲ್ ಕೂಡ ಇಲ್ಲ. ಆದ್ದರಿಂದ ಅನಿಲದ ಸಮೀಕರಣದಲ್ಲಿ ಕಾಲದ ಪದವನ್ನು ಧೈರ್ಯವಾಗಿ ಕೈಬಿಡಬಹುದು. ಬಿಸಿಯ ಅಲೆ ಮಾತ್ರ ಗೋಡೆ ಬಿಸಿಯಾಗುವ ವೇಗದಲ್ಲೇ ಸಾಗಬೇಕು: ಸೆಕೆಂಡಿಗೆ 6 ಮಿಲಿಮೀಟರ್‌ಗಿಂತ ಕೊಂಚ ಕಡಿಮೆ. 150 ಮಿಲಿಮೀಟರ್ ದಾಟಲು ಅದಕ್ಕೆ 26 ಸೆಕೆಂಡಿನಷ್ಟು ಬೇಕು, ಮತ್ತು ಈ ಅವಧಿ ನಸೆಲ್ಟ್ ಸಂಖ್ಯೆಯನ್ನು ಅವಲಂಬಿಸಿಲ್ಲ.

ಅವಲಂಬಿಸಿರುವುದು ಅಲೆಯ ಹರಡುವಿಕೆ. ಅನಿಲ ಮತ್ತು ಗೋಡೆಯ ನಡುವಿನ ವಿಳಂಬವು ಅಕ್ಷೀಯ ವಹನದಂತೆಯೇ ವರ್ತಿಸುತ್ತದೆ ಎಂದು ಫೋರ್ಟ್‌ಮೈಯರ್ ಮತ್ತು ಶೇಫರ್ 1974ರಲ್ಲಿ ಕಣಗಳ ಹಾಸಿಗೆಗಾಗಿ ತೋರಿಸಿದರು. ಮಾನೊಲಿತ್‌ಗೂ ಅದೇ ತರ್ಕ ಒಪ್ಪುತ್ತದೆ. ಅನಿಲದ ಉಷ್ಣಸಾಗಣೆಯ ವರ್ಗವನ್ನು ಘನ ಅಳತೆಯ ವರ್ಗಾವಣೆ ಗುಣಾಂಕದಿಂದ (ಮೇಲಿನ ಗುಣಾಂಕ ಮತ್ತು ಮೇಲ್ಮೈಗಳ ಗುಣಲಬ್ಧ) ಭಾಗಿಸಿದರೆ ಆ ಸಮಾನ ವಾಹಕತೆ ಸಿಗುತ್ತದೆ. ನಿಮ್ಮ ಸಂದರ್ಭದಲ್ಲಿ ಅದು ಮೀಟರ್-ಕೆಲ್ವಿನ್‌ಗೆ ಸುಮಾರು 16 ವ್ಯಾಟ್. ರಂಧ್ರಮಯ ಕಾರ್ಡಿಯೆರೈಟ್ ಗೋಡೆಯ ವಾಹಕತೆಯನ್ನು 1.5 ಎಂದು ತೆಗೆದುಕೊಂಡರೆ, ಗೋಡೆಯ ಪಾಲು ಶೇ 24 ಮಾತ್ರ ಆಗಿರುವುದರಿಂದ ನಿಜವಾದ ಅಕ್ಷೀಯ ವಹನ 0.36ಕ್ಕೆ ಇಳಿಯುತ್ತದೆ. ಒಂದರ ಮುಂದೆ ಇನ್ನೊಂದು ಲೆಕ್ಕಕ್ಕೇ ಬಾರದು. ಅಲೆ ಹೊರಬಾಗಿಲನ್ನು ತಲುಪುವಾಗ ಅದರ ಹರಡುವಿಕೆಯ ಪ್ರಮಾಣ ವಿಚಲನೆ ಸುಮಾರು 45 ಮಿಲಿಮೀಟರ್. ವಹನವೊಂದೇ ಇದ್ದಿದ್ದರೆ 7 ಮಿಲಿಮೀಟರ್ ಕೂಡ ಆಗುತ್ತಿರಲಿಲ್ಲ. 2.976ರ ಬದಲಿಗೆ 3.608 ಹಾಕಿದರೆ ಈ 45 ಎಂಬುದು 41 ಆಗುತ್ತದೆ. ನಿಮಗೆ ಬದಲಾವಣೆ ಕಾಣದಿರುವುದಕ್ಕೆ ಇಷ್ಟೇ ಕಾರಣ.

ಜಾಲಬಿಂದು:

ಮೇಲಿನ ಲೆಕ್ಕಕ್ಕೆ ಅಂಟಿಕೊಂಡಂತೆಯೇ ಒಂದು ಎಚ್ಚರಿಕೆ. ಅಕ್ಷರೇಖೆಯವರು ಅನಿಲದ ಸಮೀಕರಣಕ್ಕೆ ಮೊದಲ ದರ್ಜೆಯ ಅಪ್‌ವಿಂಡ್ ವಿಧಾನವನ್ನು (ಪ್ರತಿ ಬಿಂದುವಿನ ಇಳಿಜಾರನ್ನು ಹರಿವು ಬರುವ ಕಡೆಯ ಬಿಂದುವಿನಿಂದ ಲೆಕ್ಕಹಾಕುವ ಕ್ರಮ) ಬಳಸಿರುವ ಸಾಧ್ಯತೆ ಹೆಚ್ಚು. ಬಹುತೇಕರು ಅದನ್ನೇ ಬಳಸುತ್ತಾರೆ. ಆ ವಿಧಾನ ತನ್ನದೇ ಒಂದು ಕೃತಕ ವಹನವನ್ನು ಸೇರಿಸುತ್ತದೆ, ಮತ್ತು ಅದರ ಗಾತ್ರ ಅನಿಲದ ಉಷ್ಣಸಾಗಣೆಯನ್ನು ಜಾಲದ ಅರ್ಧ ಅಂತರದಿಂದ ಗುಣಿಸಿದಷ್ಟು. 150 ಮಿಲಿಮೀಟರ್ ಉದ್ದವನ್ನು 30 ತುಂಡುಗಳಾಗಿ ಮಾಡಿದ್ದರೆ ಅದು ಮೀಟರ್-ಕೆಲ್ವಿನ್‌ಗೆ 6 ವ್ಯಾಟ್‌ನ ಹತ್ತಿರ ಹೋಗುತ್ತದೆ. ಗೋಡೆಯ ನಿಜವಾದ ವಹನದ ಹದಿನಾರು ಪಟ್ಟು ಸುಳ್ಳು ವಹನವನ್ನು ಒಳಗೆ ಬಿಟ್ಟುಕೊಂಡು, ಆ ನಿಜ ವಹನವನ್ನು ಇಡಬೇಕೇ ಬಿಡಬೇಕೇ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಜಾಲದ ಅಂತರವನ್ನು 0.5 ಮಿಲಿಮೀಟರ್‌ಗೆ ಇಳಿಸಿದರೆ ಕೃತಕ ಪಾಲು 0.6ಕ್ಕೆ ಬರುತ್ತದೆ, 16ರ ಮುಂದೆ ಅದನ್ನು ಸಹಿಸಬಹುದು. ಆದರೆ ಲೈಟ್-ಆಫ್ (ಕ್ರಿಯೆ ಹೊತ್ತಿಕೊಳ್ಳುವುದು) ನಡೆಯುವ ಜಾಗದಲ್ಲಿ ಗೋಡೆಯ ತಾಪಮಾನ ಕೆಲವೇ ಮಿಲಿಮೀಟರ್‌ಗಳಲ್ಲಿ ನೂರಾರು ಡಿಗ್ರಿ ಏರಬಹುದಾದ್ದರಿಂದ ಅಲ್ಲಿ ಜಾಲ ಇನ್ನೂ ದಟ್ಟವಾಗಿರಬೇಕು, ಅಥವಾ ಎರಡನೆಯ ದರ್ಜೆಯ ವಿಧಾನಕ್ಕೆ ಹೋಗಬೇಕು.

ಗೋಡೆಯಾಚೆ:

ಶಾಂತಪ್ರವಾಹ ಅವರ ಲೆಕ್ಕದಲ್ಲಿ ತಕರಾರಿಲ್ಲ. ಆದರೆ ಅದನ್ನು ಓದಿದ ಹೊಸಬರು "ನಸೆಲ್ಟ್ ಸಂಖ್ಯೆ ಏನಾದರೂ ಆಗಲಿ, ವಹನವನ್ನು ಬಿಟ್ಟರೂ ನಡೆದೀತು" ಎಂದುಕೊಂಡರೆ ತೊಂದರೆ. ಅವರು ಹೇಳಿದ್ದು ಕ್ರಿಯೆಯಿಲ್ಲದ ಬಿಸಿಯಾಗುವಿಕೆಗೆ ಸಂಬಂಧಿಸಿದ್ದು. ಬಹಿರುಷ್ಣಕ ಕ್ರಿಯೆ ಗೋಡೆಯ ಮೇಲೆ ಹೊತ್ತಿಕೊಂಡಾಗ ಪರಿಸ್ಥಿತಿಯೇ ಬೇರೆ.

ಹೊತ್ತಿಕೊಳ್ಳುವ ಮೊದಲು ಗೋಡೆಯಲ್ಲಿ ಹುಟ್ಟುವ ಉಷ್ಣ ನಿಧಾನವಾಗಿ ಬದಲಾಗುತ್ತದೆ. ಆಗ ನಸೆಲ್ಟ್ ಸಂಖ್ಯೆ ಸ್ಥಿರ ಉಷ್ಣಪ್ರವಾಹದ ಬೆಲೆಯ ಹತ್ತಿರವಿರುತ್ತದೆ. ಹೊತ್ತಿಕೊಂಡ ಬಿಂದುವಿನಲ್ಲಿ ಅದು ಶಿಖರದಂತೆ ಏರಿ, ಆಚೆಗೆ ಸ್ಥಿರ ತಾಪಮಾನದ ಬೆಲೆಯತ್ತ ಇಳಿಯುತ್ತದೆ. ಹೆಕ್, ವೇ ಮತ್ತು ಕಾಟ್ಜರ್ 1976ರಲ್ಲೇ ಈ ಬದಲಾವಣೆಯನ್ನು ವಿಶ್ಲೇಷಿಸಿದ್ದರು. ಇನ್ನೊಂದು ಕಿರಿಕಿರಿಯೂ ಇದೆ: ತಣ್ಣನೆಯ ಗೋಡೆಗೆ ಬಿಸಿ ಅನಿಲ ತಾಗುವ ಹಂತದಿಂದ ಗೋಡೆಯೇ ಹೆಚ್ಚು ಬಿಸಿಯಾಗುವ ಹಂತಕ್ಕೆ ಹೋಗುವಾಗ ನಾಳದ ಯಾವುದೋ ಒಂದು ಅಡ್ಡಕೊಯ್ತದಲ್ಲಿ ಗೋಡೆಯ ತಾಪಮಾನವೂ ಅನಿಲದ ಸರಾಸರಿ ತಾಪಮಾನವೂ ಸಮವಾಗುತ್ತವೆ, ಆದರೆ ಉಷ್ಣಪ್ರವಾಹ ಶೂನ್ಯವಾಗಿರುವುದಿಲ್ಲ. ಅಲ್ಲಿ ನಸೆಲ್ಟ್ ಸಂಖ್ಯೆ ಅನಂತಕ್ಕೆ ಹೋಗುತ್ತದೆ, ಪಕ್ಕದಲ್ಲೇ ಋಣ ಬೆಲೆಯನ್ನೂ ತೋರಿಸುತ್ತದೆ. ಇದು ಭೌತಿಕ ವಿಚಿತ್ರವಲ್ಲ. ಎರಡು ಸರಾಸರಿ ತಾಪಮಾನಗಳಿಂದ ಇಡೀ ಅಡ್ಡಕೊಯ್ತವನ್ನು ವಿವರಿಸಲು ಹೊರಟ ಏಕ ಆಯಾಮದ ಮಾದರಿಯ ಮಿತಿ.

ದ್ರವ್ಯ ವರ್ಗಾವಣೆ ಸೇರಿದಾಗ ಲೂಯಿಸ್ ಸಂಖ್ಯೆ (ಉಷ್ಣ ಹರಡುವ ವೇಗಕ್ಕೂ ದ್ರವ್ಯ ಹರಡುವ ವೇಗಕ್ಕೂ ಇರುವ ಅನುಪಾತ) ಬಹಳ ಮುಖ್ಯವಾಗುತ್ತದೆ. ಶೇ 1ರಷ್ಟು ಕಾರ್ಬನ್ ಮೊನಾಕ್ಸೈಡ್ ಉರಿದರೆ ಉಷ್ಣನಷ್ಟವಿಲ್ಲದ ಏರಿಕೆ ಸುಮಾರು 90 ಕೆಲ್ವಿನ್. ಅದರ ಲೂಯಿಸ್ ಸಂಖ್ಯೆ ಒಂದರ ಸಮೀಪವಿರುವುದರಿಂದ ಗೋಡೆ ಆ ಮಿತಿಯನ್ನು ಹೆಚ್ಚು ಮೀರುವುದಿಲ್ಲ. ಹೈಡ್ರೋಜನ್‌ನದು ಸುಮಾರು 0.3. ಅದು ಗೋಡೆಗೆ ತಲುಪುವ ವೇಗವು ಉಷ್ಣ ಗೋಡೆಯಿಂದ ಹೊರಟುಹೋಗುವ ವೇಗವನ್ನು ಮೀರಿಸುತ್ತದೆ. ವಿಸರಣೆಯೇ ನಿಯಂತ್ರಿಸುವ ಸ್ಥಿತಿಯಲ್ಲಿ, ನಾಳದ ಪ್ರವೇಶದಲ್ಲಿ ಗೋಡೆ ಅನಿಲಕ್ಕಿಂತ ಉಷ್ಣನಷ್ಟವಿಲ್ಲದ ಏರಿಕೆಯ ಎರಡು ಪಟ್ಟಿಗೂ ಮೀರಿ ಬಿಸಿಯಾಗಬಹುದು. ಶೇ 1 ಹೈಡ್ರೋಜನ್‌ಗೆ 80 ಕೆಲ್ವಿನ್ ನಿರೀಕ್ಷಿಸಿದವರಿಗೆ 170ಕ್ಕೂ ಹೆಚ್ಚು ಕಾಣುತ್ತದೆ. ಇಂಥ ಶಿಖರವನ್ನು ತಗ್ಗಿಸುವುದು ಮುಖ್ಯವಾಗಿ ಗೋಡೆಯ ಅಕ್ಷೀಯ ವಹನ. ಆದ್ದರಿಂದ ಆ ಪದವನ್ನು ಇಟ್ಟುಕೊಳ್ಳಿ. ಗಣನೆಗೆ ಅದರಿಂದ ಹೆಚ್ಚಿನ ಹೊರೆಯೇನೂ ಇಲ್ಲ.

ಅಕ್ಷರೇಖೆ:

ಮೂವರಿಗೂ ಕೃತಜ್ಞತೆಗಳು. ಪ್ರವೇಶ ಭಾಗಕ್ಕೆಂದು, ಅಲ್ಲಿ ನಸೆಲ್ಟ್ ಸಂಖ್ಯೆ ಹೆಚ್ಚಿರುವುದನ್ನು ಲೆಕ್ಕಿಸುವ ಹಾಥಾರ್ನ್ ಅವರ 1974ರ ಸೂತ್ರವನ್ನು ಸೇರಿಸುವ ಆಲೋಚನೆಯಿತ್ತು. ಅದರಿಂದ ಉಪಯೋಗವಿದೆಯೇ? ವಾಷ್‌ಕೋಟ್ ಪದರಿನೊಳಗೆ (ಗೋಡೆಗೆ ಹಚ್ಚಿದ, ವೇಗವರ್ಧಕವನ್ನು ಹೊತ್ತ ರಂಧ್ರಮಯ ಲೇಪ) ತಾಪಮಾನದ ಇಳಿಜಾರನ್ನೂ ಲೆಕ್ಕಿಸಬೇಕೇ?

ಶಾಂತಪ್ರವಾಹ:

ನಿಮ್ಮ ತುಂಡಿನ ಇಡೀ ಉದ್ದಕ್ಕೆ ಹಾಥಾರ್ನ್ ಸೂತ್ರವನ್ನು ಅನ್ವಯಿಸಿದರೆ 2.976 ಎಂಬುದು 3.04 ಆಗುತ್ತದೆ, ಅಂದರೆ ಶೇ 2ರಷ್ಟು ತಿದ್ದುಪಡಿ. ತಾಪಮಾನದ ಪಾರ್ಶ್ವರೂಪ ನಾಲ್ಕೇ ಮಿಲಿಮೀಟರ್‌ಗಳಲ್ಲಿ ರೂಪುಗೊಂಡುಬಿಡುತ್ತದೆ. ಬೆರಳ ಅಗಲದ ಲೋಹದ ತುಂಡುಗಳನ್ನು ಬಳಸುವವರಿಗೆ ಅದು ಮುಖ್ಯ, ನಿಮಗಲ್ಲ. ಬಳಸುವುದಾದರೆ ಒಂದು ವಿಷಯ ಗಮನದಲ್ಲಿರಲಿ: ಆ ಸೂತ್ರ ಕೊಡುವುದು ಉದ್ದದ ಸರಾಸರಿಯನ್ನು, ನಿಮ್ಮ ಅವಕಲ ಸಮೀಕರಣಕ್ಕೆ ಬೇಕಾದದ್ದು ಸ್ಥಳೀಯ ಬೆಲೆ. ಸರಾಸರಿಯ ಸೂತ್ರದಲ್ಲಿ ಒಟ್ಟು ಉದ್ದದ ಜಾಗಕ್ಕೆ ಪ್ರವೇಶದಿಂದಿರುವ ದೂರವನ್ನು ಹಾಕಿಬಿಡುವ ಅಭ್ಯಾಸ ವ್ಯಾಪಕವಾಗಿದೆ. ಅದರಿಂದ ಪ್ರವೇಶದ ಬಳಿ ವರ್ಗಾವಣೆ ಅಗತ್ಯಕ್ಕಿಂತ ಹೆಚ್ಚಾಗುತ್ತದೆ.

ಮೂರು ಬೆಲೆಗಳಲ್ಲಿ 3.091 ಅನ್ನು ನಾನು ಕೈಬಿಡುತ್ತೇನೆ. ಗೋಡೆ ತೆಳ್ಳಗಿದ್ದರೂ ಅನಿಲಕ್ಕಿಂತ ಮೂವತ್ತು ಪಟ್ಟು ಹೆಚ್ಚು ವಾಹಕವಾಗಿರುವುದರಿಂದ ನಾಳದ ಸುತ್ತಳತೆಯಲ್ಲಿ ತಾಪಮಾನ ಬಹುಮಟ್ಟಿಗೆ ಸಮವಾಗುತ್ತದೆ. ಅದಕ್ಕಿಂತ ದೊಡ್ಡ ಪರಿಣಾಮ ವಾಷ್‌ಕೋಟ್‌ನದು. ಅದು ಮೂಲೆಗಳಲ್ಲಿ ಶೇಖರವಾಗಿ ಚೌಕವನ್ನು ದುಂಡಗೆ ಮಾಡುತ್ತದೆ. ವೃತ್ತಾಕಾರದ ನಾಳಕ್ಕೆ ಸ್ಥಿರ ತಾಪಮಾನದ ಬೆಲೆ 3.66. ಲೇಪ ಹಚ್ಚಿದ ನಾಳಕ್ಕೆ ಬರಿಯ ಚೌಕದ ಬೆಲೆಯನ್ನು ಮೂರು ದಶಮಾಂಶಗಳವರೆಗೆ ಹಿಡಿದುಕೊಂಡು ಕೂರುವುದು ನನಗೆ ಸರಿಕಾಣುವುದಿಲ್ಲ.

ಪದರಿನೊಳಗಿನ ಇಳಿಜಾರಿನ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪದರಿನ ವಿಸರಣಾಂಕ ಸೆಕೆಂಡಿಗೆ ಒಂದು ಚದರ ಮಿಲಿಮೀಟರ್, ವಾಹಕತೆ 0.5 ಎಂದಿಟ್ಟುಕೊಂಡರೆ, ಶೇ 1 ಕಾರ್ಬನ್ ಮೊನಾಕ್ಸೈಡ್‌ಗೆ ಪದರಿನಲ್ಲಿ ಸಾಧ್ಯವಿರುವ ಗರಿಷ್ಠ ವ್ಯತ್ಯಾಸ ಕೆಲ್ವಿನ್‌ನ ಹತ್ತನೆಯ ಒಂದು ಭಾಗದಷ್ಟು. ಸಾರತೆಯ ಇಳಿಜಾರು ಬೇರೆ ಮಾತು, ಅದನ್ನು ಬಿಡುವಂತಿಲ್ಲ.

ಗೋಡೆಯಾಚೆ:

ಆ 50 ಡಿಗ್ರಿಯ ನಿಲುಗಡೆಯ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲ. ಅಕ್ಷರೇಖೆಯವರೇ, ನಿಮ್ಮ ಮಾದರಿಯಲ್ಲಿ ನೀರಿಲ್ಲ ಎಂದು ತೋರುತ್ತದೆ. ಪೆಟ್ರೋಲ್ ಎಂಜಿನ್‌ನ ಹೊಗೆಯಲ್ಲಿ ಶೇ 12ರ ಸುಮಾರಿಗೆ ನೀರಾವಿ ಇರುತ್ತದೆ, ಮತ್ತು 50 ಡಿಗ್ರಿಯಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ ವಾತಾವರಣದ ಒತ್ತಡದ ಹೆಚ್ಚುಕಡಿಮೆ ಅಷ್ಟೇ ಭಾಗ. ತಣ್ಣನೆಯ ಗೋಡೆಯ ಮೇಲೆ ಆವಿ ಸಾಂದ್ರೀಕರಿಸುತ್ತ ಕಿಲೋಗ್ರಾಂಗೆ ಸುಮಾರು 2,400 ಕಿಲೋಜೂಲ್ ಬಿಟ್ಟುಕೊಡುವುದರಿಂದ ಗೋಡೆ ಮೊದಲು ನಿಮ್ಮ ಮಾದರಿಗಿಂತ ಬೇಗ ಬಿಸಿಯಾಗುತ್ತದೆ. ಇಬ್ಬನಿ ಬಿಂದುವಿಗೆ ಬಂದಮೇಲೆ ಅದೇ ನೀರು ಆವಿಯಾಗಿ ಮುಗಿಯುವವರೆಗೆ ತಾಪಮಾನ ಮುಂದೆ ಹೋಗಲೊಲ್ಲದು. ವಾಷ್‌ಕೋಟ್‌ನ ಅಲ್ಯುಮಿನಾ ಕೂಡ ನೀರನ್ನು ಹೀರಿ ಹಿಡಿದಿಟ್ಟುಕೊಂಡಿರುತ್ತದೆ.

ಗೋಡೆಯ ಸಮೀಕರಣಕ್ಕೆ ಸಾಂದ್ರೀಕರಣದ ಉಷ್ಣವನ್ನೂ, ಪ್ರತಿ ಬಿಂದುವಿನಲ್ಲಿರುವ ನೀರಿನ ಪ್ರಮಾಣಕ್ಕೆ ಪ್ರತ್ಯೇಕ ಸಮತೋಲನವನ್ನೂ ಸೇರಿಸಿ ನೋಡಿ. ಪರೀಕ್ಷೆಯೂ ಸುಲಭ: ಒಣ ಬಿಸಿಗಾಳಿಯನ್ನು ಹಾಯಿಸಿದಾಗ ನಿಲುಗಡೆ ಮಾಯವಾದರೆ ಕಾರಣ ನೀರೇ. ಆಗಲೂ ಅಂತರ ಉಳಿದರೆ ಪ್ರವೇಶದ ಕೋನ್ ಮತ್ತು ಕವಚದ ಉಷ್ಣಧಾರಣೆಯನ್ನು ಅನುಮಾನಿಸಬೇಕು.

ಅಳತೆಯ ಬಗ್ಗೆಯೂ ಒಂದು ಮಾತು. 1.1 ಮಿಲಿಮೀಟರ್ ನಾಳದೊಳಗೆ 0.5 ಮಿಲಿಮೀಟರ್ ಥರ್ಮೋಕಪಲ್ ತೂರಿಸಿದರೆ ಆ ನಾಳದ ಹರಿವು ಗಣನೀಯವಾಗಿ ಕುಗ್ಗುತ್ತದೆ, ಮತ್ತು ತೋರುವ ತಾಪಮಾನ ಅನಿಲದ್ದೂ ಅಲ್ಲ, ಸಂಪೂರ್ಣವಾಗಿ ಗೋಡೆಯದ್ದೂ ಅಲ್ಲ. ಅದನ್ನು ಗೋಡೆಯ ತಾಪಮಾನದೊಂದಿಗೆ ಹೋಲಿಸುವುದು ಹೆಚ್ಚು ಪ್ರಾಮಾಣಿಕ.

ಜಾಲಬಿಂದು:

ಒಂದೇ ನಾಳ ಸಾಕೇ ಎಂಬ ಪ್ರಶ್ನೆಗೆ: ಪ್ರವೇಶದಲ್ಲಿ ವೇಗವೂ ತಾಪಮಾನವೂ ಸಮವಾಗಿದ್ದು ಹೊರಮೈಯಿಂದ ಉಷ್ಣನಷ್ಟ ಇಲ್ಲದಿದ್ದರೆ ಮಾತ್ರ ಸಾಕು. ಕೋನ್‌ನ ಆಕಾರದಿಂದಾಗಿ ನಡುವಿನ ನಾಳಗಳಿಗೆ ಹೆಚ್ಚು ಹರಿವು ಬರುವುದು ಸಾಮಾನ್ಯ. ಆಗ ಇಡೀ ತುಂಡನ್ನು ನಿರಂತರ ಮಾಧ್ಯಮವೆಂದು ಭಾವಿಸಿ, ಅಕ್ಷದ ಗುಂಟ ಒಂದು, ಅಡ್ಡಲಾಗಿ ಇನ್ನೊಂದು ಎಂದು ಎರಡು ಪರಿಣಾಮಕಾರಿ ವಾಹಕತೆಗಳನ್ನು ಕೊಡಬೇಕು. ಅಡ್ಡ ದಿಕ್ಕಿನಲ್ಲಿ ಉಷ್ಣವು ಒಮ್ಮೆ ಗೋಡೆಯನ್ನು ದಾಟಿ, ಮತ್ತೊಮ್ಮೆ ಗೋಡೆ ಮತ್ತು ಅನಿಲಗಳ ಜೋಡಿಯ ಮೂಲಕ ಸಾಗುತ್ತದೆ. ಈ ಸರಣಿಯನ್ನು 800 ಕೆಲ್ವಿನ್ ಆಸುಪಾಸಿನ ಅನಿಲದೊಂದಿಗೆ ಲೆಕ್ಕಹಾಕಿದರೆ ಕಾರ್ಡಿಯೆರೈಟ್‌ಗೆ ಸುಮಾರು 0.27 ಬರುತ್ತದೆ, ಅಕ್ಷೀಯಕ್ಕಿಂತ ಕಡಿಮೆ.

ವಿಕಿರಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಳದೊಳಗಿನ ವಿಕಿರಣವನ್ನು ಸಮಾನ ವಾಹಕತೆಯಾಗಿ ಬರೆದರೆ 600 ಕೆಲ್ವಿನ್‌ನಲ್ಲಿ 0.04ರಷ್ಟು, 1,000 ಕೆಲ್ವಿನ್‌ನಲ್ಲಿ 0.2ರಷ್ಟು. ಒಳಗೆ ಇದು ಗೌಣ. ಮುಂದಿನ ಮುಖದಲ್ಲಿ ಹಾಗಲ್ಲ: 1,200 ಕೆಲ್ವಿನ್‌ನಲ್ಲಿರುವ ಕಪ್ಪು ಮುಖ ಚದರ ಮೀಟರ್‌ಗೆ 118 ಕಿಲೋವ್ಯಾಟ್‌ನಷ್ಟು ಹೊರಸೂಸುತ್ತದೆ, ಮತ್ತು ಶಾಂತಪ್ರವಾಹ ಅವರ ಹರಿವಿಗೆ ಅದು ಅನಿಲದ 50 ಕೆಲ್ವಿನ್‌ಗೆ ಸಮ. ಆಂಶಿಕ ಆಕ್ಸಿಡೀಕರಣದಂಥ ಬಿಸಿ ಪ್ರಕ್ರಿಯೆಗಳಲ್ಲಿ ಮುಂದಿನ ಮುಖಕ್ಕೆ ಶೂನ್ಯ ಪ್ರವಾಹದ ಅಂಚಿನ ಷರತ್ತನ್ನು ಹಾಕುವುದು ಆದ್ದರಿಂದ ತಪ್ಪು.

ಕಿರುನಾಳ:

ನನ್ನ ಸಮಸ್ಯೆ ಸ್ವಲ್ಪ ಭಿನ್ನ. ಆದರೂ ಇಲ್ಲಿಯೇ ಕೇಳುತ್ತೇನೆ. 25 ಮಿಲಿಮೀಟರ್ ಒಳವ್ಯಾಸದ ಉಕ್ಕಿನ ಕೊಳವೆಯಲ್ಲಿ ಅಲ್ಯುಮಿನಿಯಂ ಜೇನುಗೂಡನ್ನು ಕೂರಿಸಿ, ಹೊರಗಿನಿಂದ ತಂಪುಗೊಳಿಸುತ್ತ ಮೀಥನೀಕರಣ (ಇಂಗಾಲದ ಆಕ್ಸೈಡ್‌ಗಳನ್ನು ಹೈಡ್ರೋಜನ್‌ನೊಂದಿಗೆ ಮೀಥೇನ್ ಆಗಿಸುವ, ಉಷ್ಣ ಹೊರಬಿಡುವ ಕ್ರಿಯೆ) ನಡೆಸುವ ಉದ್ದೇಶವಿದೆ. ಜೇನುಗೂಡಿನ ಅಡ್ಡ ವಾಹಕತೆಯನ್ನು ಎಷ್ಟು ನಿಖರವಾಗಿ ತಿಳಿಯಬೇಕು?

ಗೋಡೆಯಾಚೆ:

ಅಷ್ಟೇನೂ ನಿಖರವಾಗಿ ಬೇಡ. ಅಲ್ಯುಮಿನಿಯಂನ ವಾಹಕತೆ 200 ಎಂದು ಹಿಡಿದು, ಇಲ್ಲಿನ ಜ್ಯಾಮಿತಿಯನ್ನೇ ಬಳಸಿದರೆ ಅಡ್ಡ ದಿಕ್ಕಿನ ಪರಿಣಾಮಕಾರಿ ವಾಹಕತೆ 29ರ ಹತ್ತಿರ ಬರುತ್ತದೆ. ಕಾರ್ಡಿಯೆರೈಟ್‌ನ ನೂರು ಪಟ್ಟು. ಹರಿವನ್ನು ಅವಲಂಬಿಸದೆ ಸಿಗುವುದು ಅದರ ದೊಡ್ಡ ಲಾಭ. ಆದರೆ ಜೇನುಗೂಡಿಗೂ ಕೊಳವೆಗೂ ನಡುವೆ ಒಂದು ಸಂದು ಇರುತ್ತದೆ. ಅದು 0.1 ಮಿಲಿಮೀಟರ್ ಇದ್ದು, ಅದರಲ್ಲಿನ ಅನಿಲದ ವಾಹಕತೆ 0.05 ಆಗಿದ್ದರೆ ಸಂದಿನ ಗುಣಾಂಕ ಚದರ ಮೀಟರ್-ಕೆಲ್ವಿನ್‌ಗೆ 500 ವ್ಯಾಟ್. ಜೇನುಗೂಡಿನೊಳಗಿನ ರೋಧವನ್ನು ತ್ರಿಜ್ಯವನ್ನು ವಾಹಕತೆಯ ನಾಲ್ಕು ಪಟ್ಟಿನಿಂದ ಭಾಗಿಸಿ ಪಡೆಯಿರಿ. ಒಟ್ಟು ರೋಧದ ಶೇ 95ರಷ್ಟು ಆ ಸಂದಿನಲ್ಲೇ ಇದೆ ಎಂಬುದು ಕಾಣುತ್ತದೆ. ಇದೇ ಜಾಗದಲ್ಲಿ ಕಾರ್ಡಿಯೆರೈಟ್ ಇದ್ದಿದ್ದರೆ ಲೆಕ್ಕ ತಿರುಗಿ, ಒಟ್ಟು ಗುಣಾಂಕ 475ರಿಂದ 73ಕ್ಕೆ ಬೀಳುತ್ತಿತ್ತು.

ಆ ಸಂದು ಸ್ಥಿರವಾಗಿಯೂ ಇರುವುದಿಲ್ಲ. ಅಲ್ಯುಮಿನಿಯಂ ಪ್ರತಿ ಕೆಲ್ವಿನ್‌ಗೆ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗಿದರೆ ಸಾಮಾನ್ಯ ಇಂಗಾಲದ ಉಕ್ಕು 12 ಭಾಗ, ಸ್ಟೇನ್‌ಲೆಸ್ ಉಕ್ಕು 17 ಭಾಗ ಹಿಗ್ಗುತ್ತದೆ. ಎರಡೂ 300 ಕೆಲ್ವಿನ್ ಏರಿದಾಗ ಇಂಗಾಲದ ಉಕ್ಕಿನ ಕೊಳವೆಯಲ್ಲಿ ಸಂದು 0.04 ಮಿಲಿಮೀಟರ್ ಕಿರಿದಾಗುತ್ತದೆ, ಸ್ಟೇನ್‌ಲೆಸ್‌ನಲ್ಲಿ ಅದರ ಅರ್ಧದಷ್ಟು. ಕೋಣೆಯ ತಾಪಮಾನದಲ್ಲಿ ಅಳೆದ ಸಂದನ್ನೇ ಮಾದರಿಗೆ ಹಾಕಿದರೆ ತಂಪಾಗುವಿಕೆಯನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ.

ಶಾಂತಪ್ರವಾಹ:

ಇದಕ್ಕೆ ಪೂರಕವಾಗಿ: ಸಂದಿನ ಗುಣಾಂಕವನ್ನು ಅಂದಾಜಿನ ಮೇಲೆ ಬಿಡದೆ, ಕ್ರಿಯೆಯನ್ನು ಆರಂಭಿಸುವ ಮೊದಲೇ ಬರಿಯ ಉಷ್ಣ ಪ್ರಯೋಗದಿಂದ ತಿಳಿಯಿರಿ. ಅದೇ ಹರಿವಿನ ವ್ಯವಸ್ಥೆಯಲ್ಲಿ ಒಮ್ಮೆ ಸಾರಜನಕವನ್ನು, ಇನ್ನೊಮ್ಮೆ ಹೀಲಿಯಂ ಅನ್ನು ಹಾಯಿಸಿ. ಹೀಲಿಯಂನ ವಾಹಕತೆ ಸಾರಜನಕದ ಆರು ಪಟ್ಟಿನ ಹತ್ತಿರ. ಗುಣಾಂಕವೂ ಹೆಚ್ಚುಕಡಿಮೆ ಅದೇ ಅನುಪಾತದಲ್ಲಿ ಏರಿದರೆ ಉಷ್ಣ ಹರಿಯುತ್ತಿರುವುದು ಸಂದಿನ ಅನಿಲದ ಮೂಲಕ. ಏರಿಕೆ ಅದಕ್ಕಿಂತ ಬಹಳ ಕಡಿಮೆಯಾದರೆ ಜೇನುಗೂಡು ಎಲ್ಲೋ ಕೊಳವೆಗೆ ನೇರವಾಗಿ ತಾಗಿದೆ ಎಂದರ್ಥ; ಆಗ ಸುತ್ತಳತೆಯುದ್ದಕ್ಕೂ ಒಂದೇ ಗುಣಾಂಕ ಎಂಬ ಊಹೆಯನ್ನು ಬಿಡಬೇಕಾಗುತ್ತದೆ. ಹೀಲಿಯಂ ಬಳಸುವಾಗ ನಾಳದೊಳಗಿನ ವರ್ಗಾವಣೆ ಗುಣಾಂಕವೂ ಅದೇ ಪಟ್ಟು ಏರುವುದರಿಂದ, ಥರ್ಮೋಕಪಲ್‌ಗಳನ್ನು ಪ್ರವೇಶದಿಂದ ಸಾಕಷ್ಟು ಒಳಗೆ, ಅನಿಲವೂ ಗೋಡೆಯೂ ಸಮತಾಪಕ್ಕೆ ಬಂದಿರುವ ಜಾಗದಲ್ಲಿ ಇಟ್ಟಿದ್ದರೆ ಮಾತ್ರ ಎರಡು ಪರಿಣಾಮಗಳನ್ನು ಬೇರ್ಪಡಿಸಲು ಸಾಧ್ಯ.